ಸೀನಿದ ಕೌಜುಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆ ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ. ಆ ಶ್ರಾವಣದ ಭಾನುವಾರ ಶಹಾಪುರದ ಗುಡ್ಡದಲ್ಲಿ ಗುಂಡುಕಲ್ಲಿನ ಹಿಂದಿನಿಂದ ಮೂರು ಸಲ ಕೂಗಿ, ಆರು ಮಂದಿ ಪಕ್ಷಿಪ್ರಿಯರ ನೋಟ್‌ಬುಕ್ಕಿನಲ್ಲಿ ತನ್ನ ಹೆಸರು ಬರೆಸಿಕೊಂಡ ಚುಕ್ಕಿ ಕೌಜುಗ ನಾನೇ. ನಾಲ್ಕನೆಯ ಸಲ ಕೂಗುವಾಗ ಸೀನಿದ್ದೂ ನಾನೇ.

ಮೊನ್ನೆ ಕೆಂಭಾವಿ ಸಂತೆಯಲ್ಲಿ ಒಣಮೆಣಸಿನಕಾಯಿ ರಾಶಿಯ ಮುಂದೆ ನಿಂತಾಗ ಸೀನು ಬಂತು. ಒಂದಲ್ಲ, ಏಳು. ಮಾರುವವಳು ಲೆಕ್ಕ ಹಾಕುತ್ತಾ ಕೂತಿದ್ದಳು. ಏಳಕ್ಕೆ ನಿಂತಾಗ "ಇಷ್ಟೇ ಏನೋ ತಮ್ಮಾ?" ಎಂದು ಮುಖ ಸಣ್ಣ ಮಾಡಿದಳು. ನನಗೆ ಮಾತ್ರ ಆ ಭಾನುವಾರ ಇಡೀ ಇಳಿದು ಬಂತು. ಸೀನು ಬಂದಾಗ ಜನರಿಗೆ ದೇವರು ನೆನಪಾಗುತ್ತಾನೆ. ನನಗೆ ವಸುಧಾ ಮೇಡಂ ನೆನಪಾಗುತ್ತಾರೆ.

ನನ್ನ ಪರಿಚಯ ದೊಡ್ಡದೇನಿಲ್ಲ. ಹೆಸರು ಮಾಳಪ್ಪ, ಕರೆಯುವವರಿಗೆಲ್ಲ ಮಾಳ್ಯಾ. ಬಸ್‌ಸ್ಟ್ಯಾಂಡ್ ಎದುರಿಗೆ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಹಗಲು ಕಾಗದದ ನಕಲು ತೆಗೆಯುತ್ತೇನೆ, ಸಂಜೆ ಮನುಷ್ಯರ ನಕಲು. ಇದು ಹುಟ್ಟಿನಿಂದ ಬಂದ ರೋಗ. ಐದನೆಯ ಇಯತ್ತೆಯಲ್ಲಿದ್ದಾಗ ಕಿಟಕಿಯ ಹೊರಗೆ ನಿಂತು ಹೆಡ್‌ಮಾಸ್ತರರ ದನಿಯಲ್ಲಿ "ಇವತ್ತು ಅರ್ಧ ದಿನ ಸೂಟಿ" ಎಂದು ಕೂಗಿದ್ದೆ. ಶಾಲೆಗೆ ಶಾಲೆಯೇ ಮನೆಗೆ ಹೋಯಿತು. ಇಬ್ಬರು ಮಾಸ್ತರರೂ ಹೋದರು. ಮರುದಿನ ಹೆಡ್‌ಮಾಸ್ತರರು ನನ್ನನ್ನು ಹೊಡೆಯಲಿಲ್ಲ. ಆ ಇಬ್ಬರನ್ನು ಕರೆಸಿ, "ಈ ಹುಡುಗನ ದನಿ ಕೇಳಿ ಹೋದ್ರೇನ್ರಿ? ನನ್ನ ದನಿ ಇಷ್ಟು ಕೀಚಲ ಅದ ಏನು?" ಎಂದು ಕೇಳಿದರು. "ಹೌದ್ರಿ ಸರ್" ಅಂದವನು ನಾನು. ಆಗ ಹೊಡೆದರು.

ಇಂಥ ನಾನು ಗುಡ್ಡ ತೋರಿಸುವ ಕೆಲಸಕ್ಕೆ ಬಿದ್ದದ್ದು ನಮ್ಮ ದೊಡ್ಡವ್ವನಿಂದ. ದೊಡ್ಡವ್ವ ಎಂದರೆ ಅವ್ವನ ಅಕ್ಕ, ಸಾಬಮ್ಮ. ನಲವತ್ತು ವರ್ಷ ಶಹಾಪುರದ ಗುಡ್ಡದಲ್ಲಿ ಕುರಿ ಕಾಯ್ದವಳು. ಗುಡ್ಡ ದೂರದಿಂದ ನೋಡುವವರಿಗೆ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ದೊಡ್ಡವ್ವನಿಗೆ ಆ ಬುದ್ಧನ ಮೂಗಿನ ಮೇಲೆ ಯಾವ ಹುಲ್ಲು, ಗದ್ದದ ಕೆಳಗೆ ಯಾವ ಬಳ್ಳಿ ಎಂಬುದೂ ಗೊತ್ತು. ಆಕೆಯ ಮಕ್ಕಳಿಬ್ಬರು ಒಂದು ಯುಗಾದಿಗೆ ಕುರಿಗಳನ್ನೆಲ್ಲ ಮಾರಿದರು. ಒಬ್ಬ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಇನ್ನೊಬ್ಬನಿಗೆ ಹುಣಸಗಿ ಕಡೆ ಕಾಲುವೆ ನೀರಿನ ಹೊಲ. "ಇನ್ನ ಆರಾಮ ಕುಂದ್ರು ಯವ್ವಾ" ಎಂದರು. ತಪ್ಪೇನೂ ಇಲ್ಲ. ಆದರೆ ದೊಡ್ಡವ್ವನಿಗೆ ಕೂಡ್ರುವುದು ಬರುವುದಿಲ್ಲ, ಯಾರೂ ಕಲಿಸಿಲ್ಲ.

"ಕುರಿ ಮಾರ್ಯಾರ, ಗುಡ್ಡ ಮಾರಿಲ್ಲ" ಎಂದು ಮರುದಿನವೇ ಹೊರಟಳು. ಗುಡ್ಡದ ಬುಡದಲ್ಲಿ ಒಬ್ಬ ಕೇಳಿದ, "ಏನ ಕಳಕೊಂಡಿ ಸಾಬಮ್ಮಾ?" ಇನ್ನೊಬ್ಬ ಕೇಳಿದ, "ಯಾರ ಮ್ಯಾಲ ಸಿಟ್ಟಾಗಿ ಬಂದೀಯವಾ?" ನೋಡಿ, ಕುರಿ ಮುಂದಿದ್ದರೆ ಹೆಣ್ಣುಮಗಳು ಎಲ್ಲಿಗೆ ಹೋದರೂ ಯಾರೂ ಕೇಳುವುದಿಲ್ಲ. ಕುರಿ ಇಲ್ಲದೆ ಹೋದರೆ ಊರಿಗೆ ಊರೇ ಕಾರಣ ಕೇಳುತ್ತದೆ. ಸುದ್ದಿ ಮಕ್ಕಳ ಕಿವಿಗೆ ಬಿತ್ತು. "ಜನ ನಗಾಕತ್ತಾರ, ಸಾಕು ಮಾಡು" ಎಂದರು. ಮೂರು ತಿಂಗಳು ಆಕೆ ಅಂಗಳದಲ್ಲಿ ನಿಂತು ಗುಡ್ಡ ನೋಡಿದಳು. ಅಕ್ಕಿ ಆರಿಸುವಾಗಲೂ ಮುಖ ಆ ಕಡೆ. ಒಮ್ಮೆ ಅನ್ನದಲ್ಲಿ ನಾಲ್ಕು ಕಲ್ಲು ಸಿಕ್ಕವು. ನಾನು ಗುಡ್ಡವೇ ಮನೆಗೆ ಬಂದಿದೆ ಎಂದೆ. ಆಕೆ ನಗಲಿಲ್ಲ. ನಾನು ಚೇಷ್ಟೆ ಮಾಡಿ ದೊಡ್ಡವ್ವ ನಗದಿದ್ದದ್ದು ಅದೇ ಮೊದಲು.

ಅದೇ ಮಳೆಗಾಲದಲ್ಲಿ ವಸುಧಾ ಮೇಡಂ ನಕಾಶೆಯ ಝೆರಾಕ್ಸ್ ತೆಗೆಸಲು ನಮ್ಮ ಅಂಗಡಿಗೆ ಬಂದರು. ಮೈಸೂರಿನವರು. ಹಕ್ಕಿ ಮತ್ತು ಕಾಡುಗಿಡ ನೋಡುವ ಆಸೆಯಿರುವ ಜನರನ್ನು ಗುಂಪು ಕಟ್ಟಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಕರೆದೊಯ್ಯುವುದು ಅವರ ಕೆಲಸ. ಹಸಿರು ಬೆಟ್ಟಗಳನ್ನೆಲ್ಲ ಮುಗಿಸಿ ಈಗ ನಮ್ಮ ಕಲ್ಲುಗುಡ್ಡಗಳಿಗೆ ಬಂದಿದ್ದರು. ಶಹಾಪುರ, ಸುರಪುರ, ಯಾದಗಿರಿ ಕೋಟೆ, ಹೀಗೆ ಭಾನುವಾರಕ್ಕೊಂದು. "ಇಲ್ಲಿ ಗಿಡಗಳು ಗೊತ್ತಿರೋರು, ಹಕ್ಕಿಗಳು ಗೊತ್ತಿರೋರು ಯಾರಾದರೂ ಇದ್ದಾರೇನಪ್ಪಾ?"

ಗಿಡಕ್ಕೆ ನಮ್ಮ ದೊಡ್ಡವ್ವ ಎಂದೆ. ಅದು ಖರೆ. ಹಕ್ಕಿಗೆ ನಾನು ಎಂದೆ. ಅದು ಚೂರು ಖರೆ. ಹಕ್ಕಿಗಳ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅವುಗಳ ದನಿ, ಅದೂ ಫೋನಿನಲ್ಲಿ ಕೇಳಿ ಕಲಿತದ್ದು. ಹಕ್ಕಿಯ ಮುಖ ನೋಡಿದ್ದರೆ ಕಾಗೆ, ಗುಬ್ಬಿ, ಇನ್ನೊಂದು ಕೋಳಿ.

ಸುದ್ದಿ ಹೇಳಿದಾಗ ದೊಡ್ಡವ್ವ ಕೈಯಲ್ಲಿನ ಮೊರ ಕೆಳಗಿಟ್ಟಳು. "ಗುಡ್ಡ ಹತ್ತಿದ್ರ ಯಾರೂ ಯಾಕ ಅಂತ ಕೇಳಂಗಿಲ್ಲೇನೋ?"

"ಕೇಳಿದ್ರ ಮೈಸೂರಿನವರನ್ನ ಕರಕೊಂಡು ಹೊಂಟೀನಿ ಅನ್ನು."

"ಹಂಗಾದ್ರ ಈ ಕೆಲಸ ಕೈ ಬಿಟ್ಟು ಹೋಗಬಾರದು ನೋಡು, ಮಾಳ್ಯಾ" ಎಂದಳು. ಆಕೆ ಏನನ್ನಾದರೂ ಬೇಕು ಎಂದು ಬಾಯಿ ಬಿಟ್ಟು ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇಷ್ಟು ತಿಳಿದೂ ನಾನು ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ಮೊದಲ ನಡಿಗೆ ಒಂದು ಪರೀಕ್ಷೆ. ಮೇಡಂ ಜೊತೆ ಆರು ಜನ. ಅವರಲ್ಲಿ ಮೂರ್ತಿ ಸರ್ ಎಂಬ ನಿವೃತ್ತ ಇಂಜಿನಿಯರು. ಅವರ ಕೊರಳಿನ ದುರ್ಬೀನು ಎಷ್ಟು ಭಾರವಿತ್ತೆಂದರೆ ಅವರು ನಿಂತಲ್ಲೇ ಮುಂದಕ್ಕೆ ಬಾಗಿ ಎಲ್ಲರಿಗೂ ನಮಸ್ಕಾರ ಮಾಡಿದ ಹಾಗೆ ಕಾಣುತ್ತಿದ್ದರು. ಗುಡ್ಡದ ಬುಡದ ಕೆರೆಯ ಅಂಚಿನಲ್ಲಿ ದೊಡ್ಡವ್ವ ನೆಲಕ್ಕೆ ಅಂಟಿದ ಪುಟ್ಟ ಗಿಡವೊಂದನ್ನು ತೋರಿಸಿದಳು. "ಇದನ್ನ ತಿಕ್ಕಿ ಮೂಸಬ್ಯಾಡ್ರಿ. ಕುರಿಗೆ ಮೂಗು ಕಟ್ಟಿದ್ರ ಇದರ ಪುಡಿ ಊದ್ತೀವಿ. ಸೀನು ಹತ್ತಿದ್ರ ಜಲ್ದಿ ಬಿಡಂಗಿಲ್ಲ." ಜನರನ್ನು ನಗಿಸುವ ಅವಕಾಶ ಬಿಡುವವನೇ ನಾನು? ಎಲೆ ತಿಕ್ಕಿ, ಅತ್ತರು ಮಾರುವ ಸಾಹೇಬರ ಠೀವಿಯಲ್ಲಿ, ಮೂಗಿನ ಎರಡೂ ಹೊಳ್ಳೆ ತುಂಬ ಎಳೆದುಕೊಂಡೆ. ಎಲ್ಲರೂ ನಕ್ಕರು. ಸೀನು ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಮೇಲೆ ಹೋಗುತ್ತಾ ದೊಡ್ಡವ್ವ ಒಂದೊಂದೇ ತೋರಿಸಿದಳು. ಮುಳ್ಳುಪೊದೆಯಂಥ ಕವಳಿ ಕಂಟಿ, ತಂಗಡಿ, ಉತ್ತರಾಣಿ. ದಾಗಡಿ ಬಳ್ಳಿಯ ಎಲೆ ಹಿಡಿದು, "ಇದನ್ನ ನೀರಾಗ ಹಿಚುಕಿದ್ರ ನೀರು ಗಟ್ಟಿ ಆಗ್ತದ್ರಿ, ಮೊಸರಿನಂಗ" ಎಂದಳು. ಮೂರ್ತಿ ಸರ್ ಹುಬ್ಬೇರಿಸಿ ಬರೆದುಕೊಂಡರು. ಗಿಡದ ಪುಟ ತುಂಬಿತು. ಹಕ್ಕಿಯ ಪುಟದಲ್ಲಿ ಒಂದು ಕಾಜಾಣ, ಎರಡು ಪಿಕಳಾರ, ಅವೂ ದನಿ ಕೇಳಿ ಬರೆದವು. ಮೇಡಂಗೆ ಬೇಕಾಗಿದ್ದದ್ದು ಚುಕ್ಕಿ ಕೌಜುಗ, ಮೈಯೆಲ್ಲ ಬಿಳಿ ಚುಕ್ಕಿಯ ಕಾಡುಕೋಳಿಯಂಥ ಹಕ್ಕಿ. "ಇಂಥ ಗುಡ್ಡದಲ್ಲಿ ಇರಲೇಬೇಕು, ಅದು ಸಿಕ್ಕರೆ ಈ ಜಾಗ ಪಕ್ಕಾ" ಎನ್ನುತ್ತಿದ್ದರು. ಎರಡು ತಾಸು ಆದರೂ ಅದರ ಸುಳಿವಿಲ್ಲ. ಮೇಡಂ ಗಡಿಯಾರ ನೋಡಿಕೊಂಡರು. ದೊಡ್ಡವ್ವ ಮೇಡಂ ಮುಖ ನೋಡಿದಳು. ನಾನು ದೊಡ್ಡವ್ವನ ಮುಖ ನೋಡಿದೆ.

"ಮುಂದ ಹೋಗಿ ನೋಡಿ ಬರ್ತೀನ್ರಿ" ಎಂದು ಗುಂಡುಕಲ್ಲಿನ ಹಿಂದೆ ಹೋದೆ.

ಮೊದಲ ಕೂಗಿಗೇ ಕಲ್ಲಿನ ಆ ಕಡೆ ಉಸಿರು ನಿಂತಿತು. ಎರಡನೆಯದಕ್ಕೆ "ಅಯ್ಯೋ ಅದೇ, ಅದೇ!" ಎಂಬ ಮೇಡಂ ದನಿ. ಮೂರನೆಯದಕ್ಕೆ ಪೆನ್ನುಗಳ ಸಪ್ಪಳ. ಕಲಾವಿದನಿಗೆ ಇನ್ನೇನು ಬೇಕು? ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಮೂರ್ತಿ ಸರ್, "ಇನ್ನೊಂದು ಸಲ ಕೂಗಿದ್ದರೆ ರೆಕಾರ್ಡ್ ಮಾಡಬಹುದಿತ್ತು" ಅಂದದ್ದು ಕಿವಿಗೆ ಬಿತ್ತು. ರೆಕಾರ್ಡ್! ಎಲೆ ತಿಕ್ಕಿದ ಕೈಗಳನ್ನೇ ಬಾಯಿಗೆ ಅಡ್ಡ ಹಿಡಿದು ಹೊಟ್ಟೆಯಿಂದ ಗಾಳಿ ಎಳೆದೆ. ಅರ್ಧ ಕೂಗಿಗೆ ಆ ಗಿಡ ತನ್ನ ಕೆಲಸ ಮಾಡಿತು. ಸೀನಿದ ರಭಸಕ್ಕೆ ಹಣೆ ಕಲ್ಲಿಗೆ ಬಡಿಯಿತು. "ಅಯ್ಯವ್ವಾ" ಎಂದೂ ಅಂದೆ. ಚುಕ್ಕಿ ಕೌಜುಗ ಅವ್ವನನ್ನು ಕರೆದದ್ದು ಬಹುಶಃ ಅದೇ ಮೊದಲು.

ಆ ಕಡೆ ಪೆನ್ನುಗಳು ನಿಂತವು. ಆಮೇಲೆ ಮೂರ್ತಿ ಸರ್, "ಮೇಡಂ, ಹಕ್ಕಿಗೆ ನೆಗಡಿ" ಎಂದರು.

ಮೇಡಂ ಕಲ್ಲು ಸುತ್ತಿ ಬಂದು ನನ್ನನ್ನು ನೋಡಿದರು. ಬೈಯಲಿಲ್ಲ. ಪುಸ್ತಕ ತೆಗೆದು ಕೌಜುಗದ ಮೇಲೆ ಗೆರೆ ಎಳೆದರು. ಕಾಜಾಣ, ಪಿಕಳಾರಗಳ ಮೇಲೂ ಎಳೆದರು. ಅವು ಪಾಪ ಖರೆ ಹಕ್ಕಿಗಳು. "ಇವತ್ತು ಕಿವೀಲಿ ಕೇಳಿದ್ದು ಯಾವುದನ್ನೂ ನಂಬೋಕಾಗಲ್ಲ" ಎಂದರು. ಇದನ್ನೂ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಮೂರ್ತಿ ಸರ್ ತಮ್ಮ ಪುಸ್ತಕ ತಿರುವುತ್ತಾ, ಮೆಲ್ಲಗೆ, ಕೆಟ್ಟ ಮನಸ್ಸಿಲ್ಲದೆಯೇ ಕೇಳಿದರು: "ಹಾಗಾದರೆ ಈ ಅಮ್ಮ ಹೇಳಿದ ಗಿಡಗಳು? ಆ ನೀರು ಗಟ್ಟಿಯಾಗೋ ಎಲೆ?"

ದೊಡ್ಡವ್ವ ಅಲ್ಲೇ ನಿಂತಿದ್ದಳು. ಕೈಯಲ್ಲಿ ಇನ್ನೂ ದಾಗಡಿ ಎಲೆ ಇತ್ತು.

ಇಳಿಯುವಾಗ ಆಕೆ ಒಂದು ಗಿಡವನ್ನೂ ತೋರಿಸಲಿಲ್ಲ. ಬುಡದಲ್ಲಿ ಮೇಡಂ ಹೇಳಿದರು, "ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಬರ್ತೀವಿ. ಸರಿಹೋದರೆ ಪ್ರತಿ ಭಾನುವಾರ ನಿಮ್ಮನ್ನೇ ಇಟ್ಕೋತೀವಿ. ಇಲ್ಲದಿದ್ರೆ ನಮ್ಮ ಕಡೆಯಿಂದಲೇ ಯಾರನ್ನಾದರೂ ಕರ್ಕೊಂಡು ಬರಬೇಕಾಗುತ್ತೆ."

ಮನೆಗೆ ಬಂದು ನಾನೇ ಬಾಯಿ ಬಿಟ್ಟೆ. "ನಾ ಬರಂಗಿಲ್ಲ ದೊಡ್ಡವ್ವಾ. ನೀ ಒಬ್ಬಾಕಿನೇ ಹೋಗು. ನನ್ನಿಂದ ನಿನಗ ಯಾಕ ಹೆಸರು ಕೆಡಬೇಕು?"

"ನೀ ಮನ್ಯಾಗ ಕುಂತ್ರ," ಎಂದಳು ದೊಡ್ಡವ್ವ, "ಕೂಗಿದ ಹಕ್ಕಿನೆಲ್ಲ ಮಾಳ್ಯಾ ಎಲ್ಲ್ಯೋ ಅಡಗಿ ಕೂಗಾಕತ್ತಾನ ಅಂತಾರ. ನೀ ಅವರ ಕಣ್ಣ ಮುಂದನೇ ಇರಬೇಕು. ಬಾಯಾಗ ನೀರು ಹಿಡಕೊಂಡು."

ಈ ನೀರಿನ ಕಥೆ ನಿಮಗೆ ಹೇಳಬೇಕು. ನಮ್ಮ ಮನೆಯಲ್ಲಿ ಹುಡುಗರನ್ನು ಕುರಿ ಕಾಯಲು ಕಳಿಸುವ ಮುಂಚೆ ಮುತ್ಯಾ, ಅಂದರೆ ಅಜ್ಜ, ಒಂದು ಪರೀಕ್ಷೆ ಇಡುತ್ತಿದ್ದ. ಬುಡದಲ್ಲಿ ಬಾಯಿ ತುಂಬ ನೀರು ಹಾಕಿಕೊಳ್ಳಬೇಕು. ಗುಡ್ಡ ಏರಿ, ಮೇಲೆ ಅವನು ಹಿಡಿದ ಬಟ್ಟಲಲ್ಲಿ ಅಷ್ಟನ್ನೂ ಉಗುಳಬೇಕು. ಮೂಗಿನಲ್ಲೇ ಉಸಿರಾಡಿದರೆ ದಣಿವು ಕಡಿಮೆ, ಬಾಯಿ ಮುಚ್ಚಿದ್ದರೆ ಕುರಿಯ ಸಪ್ಪಳ ಕೇಳುತ್ತದೆ ಎಂಬುದು ಅವನ ಲೆಕ್ಕ. ನಮ್ಮ ಅಣ್ಣಂದಿರೆಲ್ಲ ಎಂಟು ಹತ್ತು ವರ್ಷಕ್ಕೇ ಪಾಸಾದರು. ನಾನು ಒಮ್ಮೆಯೂ ಆಗಲಿಲ್ಲ. ಅರ್ಧ ಗುಡ್ಡಕ್ಕೆ ಯಾವುದೋ ಆಡು ನಮ್ಮ ಕಾಕಾನ ಹಾಗೆ ಮುಖ ಮಾಡುತ್ತಿತ್ತು. ಅದನ್ನು ಹೇಳದಿದ್ದರೆ ನನ್ನ ಜೀವ ನಿಲ್ಲುತ್ತಿರಲಿಲ್ಲ. ನೀರು ಹೋಗಿ ಜೊತೆಗೆ ಹತ್ತುತ್ತಿದ್ದ ಆ ಕಾಕಾನ ಮೇಲೇ ಬೀಳುತ್ತಿತ್ತು. ಕೊನೆಗೆ ಮುತ್ಯಾ, "ಇವನನ್ನ ಸಾಲಿಗೇ ಕಳಸ್ರಿ, ಕುರಿ ಬದುಕ್ಯಾವು" ಎಂದ. ನನ್ನ ವಿದ್ಯಾಭ್ಯಾಸದ ಹಿಂದೆ ಇರುವುದು ಇಷ್ಟೇ.

ಇಪ್ಪತ್ಮೂರನೆಯ ವಯಸ್ಸಿಗೆ ಆ ಪರೀಕ್ಷೆಗೆ ಮತ್ತೆ ಕೂತೆ. ಈ ಸಲ ಪಾಸಾಗಲೇಬೇಕಿತ್ತು. ದಿನಾ ಬೆಳಕು ಹರಿಯುವ ಹೊತ್ತಿಗೆ ಬುಡದ ಬೋರಿಂಗಿನಲ್ಲಿ ಬಾಯಿ ತುಂಬಿಸಿಕೊಂಡು ಹೊರಡುತ್ತಿದ್ದೆ. ಮೊದಲ ದಿನ ನೂರು ಹೆಜ್ಜೆಗೆ ನುಂಗಿದೆ. ಎರಡನೆಯ ದಿನ ಚಹಾದಂಗಡಿ ಮುಂದೆ ಗೆಳೆಯ ಭೀಮ್ಯಾ ಅಡ್ಡ ನಿಂತ. "ಏನೋ ಮಾಳ್ಯಾ, ಮುಂಜಾನೆದ್ದು ಗುಟ್ಕಾ ತುಂಬೀಯೇನು? ಮಾತಾಡಲೇ. ಯಾರರ ಹೊಡದಾರೇನು? ಮಾಡಿದ್ದಕ್ಕ ಹೊಡದಿರ್ತಾರ ಬಿಡು." ಇಂಥ ಮಾತಿಗೆ ನನ್ನಲ್ಲಿ ಹದಿನಾಲ್ಕು ಉತ್ತರ ತಯಾರಿದ್ದವು, ಹದಿನಾಲ್ಕೂ ಭೀಮ್ಯಾನ ದನಿಯಲ್ಲೇ. ಒಂದನ್ನೂ ಬಿಡಲಿಲ್ಲ. ಕೈ ಮುಗಿದು ಮುಂದೆ ಹೋದೆ. ಭೀಮ್ಯಾ ಹೆದರಿ ಸಂಜೆ ನಮ್ಮ ಮನೆಗೆ ಬಂದು ಅವ್ವನಿಗೆ, "ಅವಗ ಆರಾಮಿಲ್ಲೇನ್ರಿ?" ಎಂದು ಕೇಳಿದ.

ಐದನೆಯ ದಿನ ಅರ್ಧ ಗುಡ್ಡ. ಎಂಟನೆಯ ದಿನ ಒಂದು ಮಂಗ ಎದುರು ಬಂದು, ಅದೂ ದವಡೆ ಉಬ್ಬಿಸಿಕೊಂಡು, ನನ್ನನ್ನೇ ನೋಡುತ್ತಾ ಕೂತಿತು. ಯಾರು ಯಾರ ನಕಲು ಮಾಡುತ್ತಿದ್ದೇವೆಂದು ಇಬ್ಬರಿಗೂ ತಿಳಿಯಲಿಲ್ಲ. ಆ ದಿನ ನೀರು ಮೂಗಿನಿಂದ ಬಂತು. ಆದರೂ ಬುಡಕ್ಕೆ ಇಳಿದು, ಮತ್ತೆ ತುಂಬಿಸಿಕೊಂಡು ಹತ್ತಿದೆ.

ಹತ್ತನೆಯ ದಿನ ಅದು ಆಯಿತು. ತುದಿಯ ಹತ್ತಿರ, ಕವಳಿ ಕಂಟಿಯ ಪಕ್ಕ, ಬಾಯಿ ಮುಚ್ಚಿ ನಿಂತಿದ್ದೆ. ಎಲ್ಲೋ ಬಹಳ ಹತ್ತಿರ 'ಕಟ್' ಎಂಬ ಸಣ್ಣ ಸಪ್ಪಳ, ಯಾರೋ ಗಂಟಲಲ್ಲಿ ಕಡ್ಡಿ ಮುರಿದಂತೆ. ಅದರ ಬೆನ್ನಿಗೇ ಕೂಗು. ನಾನು ಅಷ್ಟು ದಿನ ಕೂಗಿದ ಕೂಗೇ, ಆದರೆ ನನ್ನದು ಅದರ ಮುಂದೆ ಮೂರನೆಯ ಪ್ರತಿಯ ಝೆರಾಕ್ಸ್. ಕಂಟಿಯ ಕೆಳಗೆ ಚುಕ್ಕಿ ಮೈ ಹೊತ್ತು, ಕತ್ತು ಚಾಚಿ, ಆ ಹಕ್ಕಿ ನಿಂತಿತ್ತು. ಆ 'ಕಟ್' ಫೋನಿನಲ್ಲಿ ಇರಲಿಲ್ಲ. ಇದ್ದರೂ ನನಗೆ ಕೇಳುತ್ತಿರಲಿಲ್ಲ, ನಾನು ಎಂದೂ ಸುಮ್ಮನಿದ್ದವನಲ್ಲ. ಹಕ್ಕಿ ಅಲ್ಲಿಯೇ ಇತ್ತು, ಮೊದಲ ಭಾನುವಾರವೂ ಇದ್ದಿರಬೇಕು. ನನ್ನ ಗದ್ದಲಕ್ಕೆ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಉಳಿದ ದಿನವೆಲ್ಲ ಅದೇ ಹೊತ್ತಿಗೆ ಅಲ್ಲಿಗೇ ಹೋದೆ.

ಎರಡನೆಯ ನಡಿಗೆಯ ಭಾನುವಾರ ಬಂತು. ಅದೇ ಆರು ಜನ. ದೊಡ್ಡವ್ವ ಎಲ್ಲರ ಮುಂದೆ ಚರಗಿಯಿಂದ ನನ್ನ ಬಾಯಿಗೆ ನೀರು ಹಾಕಿ, "ಇವ ಮ್ಯಾಲ ಹೋಗಿ ಉಗುಳತಾನ್ರಿ. ಅಲ್ಲಿ ತನಕ ಕೂಗಿದ್ದೆಲ್ಲ ಗುಡ್ಡದ್ದು" ಎಂದಳು. ಮೂರ್ತಿ ಸರ್ ನನ್ನ ಕೆನ್ನೆ ಎರಡೂ ಕಡೆಯಿಂದ ಪರೀಕ್ಷಿಸಿದರು. ಅಣೆಕಟ್ಟು ಸೋರುತ್ತದೋ ಎಂದು ನೋಡುವ ಹಾಗೆ.

ಬಂಡೆಯೊಂದರ ಬಳಿ ದೊಡ್ಡವ್ವ ನಿಂತಳು. ಬುಟ್ಟಿಯಿಂದ ಸ್ಟೀಲ್ ಬಟ್ಟಲು ತೆಗೆದು, ದಾಗಡಿ ಎಲೆ ಹಿಚುಕಿ, ಹಸಿರು ರಸ ಸೋಸಿ ಮೂರ್ತಿ ಸರ್ ಕೈಗೇ ಕೊಟ್ಟಳು.

"ಸರ್, ಇದನ್ನ ನೀವೇ ಹಿಡಕೊಂಡು ಬರ್ರಿ. ನಾ ಮುಟ್ಟಂಗಿಲ್ಲ."

"ಎಷ್ಟು ಹೊತ್ತಮ್ಮಾ?"

"ಅದು ಗಟ್ಟಿ ಆಗೋ ತನಕ್ರಿ."

"ಆಗದಿದ್ದರೆ?"

"ಆಗದಿದ್ರ ನಾ ಇಲ್ಲಿಂದನೇ ಮನಿಗೆ ಹೋಗ್ತೀನಿ. ಮತ್ತ ಗುಡ್ಡದ ಹೆಸರು ತಗಿಯಂಗಿಲ್ಲ."

ನನ್ನ ಬಾಯಲ್ಲಿ ನೀರಿತ್ತು, ಇಲ್ಲದಿದ್ದರೆ 'ಹಂಗ ಅನಬ್ಯಾಡ' ಎಂದು ಕೂಗಿಬಿಡುತ್ತಿದ್ದೆ. ಮಳೆಗಾಲದ ಎಲೆ, ರಸ ತೆಳು. ಆಕೆಗೂ ಅದು ಗೊತ್ತಿತ್ತು. ಬಟ್ಟಲು ಹಿಡಿದು ಮೂರ್ತಿ ಸರ್, ಬಟ್ಟಲು ನೋಡುತ್ತಾ ಮೇಡಂ, ಅವರಿಬ್ಬರ ಮುಖ ನೋಡುತ್ತಾ ನಾನು. ದೊಡ್ಡವ್ವ ಮಾತ್ರ ಒಮ್ಮೆಯೂ ಹಿಂದೆ ನೋಡಲಿಲ್ಲ. ತಂಗಡಿ ಹೂವಿನ ಚಹಾ, ಉತ್ತರಾಣಿ ಬೇರಿನ ಹಲ್ಲುಕಡ್ಡಿ ಎಂದು ಹೇಳುತ್ತಾ ನಡೆದಳು. ಮುಕ್ಕಾಲು ಗುಡ್ಡಕ್ಕೆ ಮೂರ್ತಿ ಸರ್ ಕಲ್ಲೊಂದಕ್ಕೆ ಎಡವಿದರು. ಬಟ್ಟಲು ವಾಲಿತು. ಏನೂ ಚೆಲ್ಲಲಿಲ್ಲ. ಸರ್ ಅದನ್ನು ಇನ್ನಷ್ಟು ವಾಲಿಸಿದರು. ಕೊನೆಗೆ ಬೋರಲು ಹಾಕಿಯೇ ಹಿಡಿದರು. ಹಸಿರು ಗಟ್ಟಿ ಬಟ್ಟಲಿಗೆ ಅಂಟಿಕೊಂಡು ನಡುಗಿತು, ಬೀಳಲಿಲ್ಲ.

ಸರ್ ಪುಸ್ತಕ ತೆಗೆದು ಮೊದಲ ಭಾನುವಾರದ ಪುಟದಲ್ಲಿ ದಾಗಡಿಯ ಪಕ್ಕ ಏನೋ ಬರೆದರು. ದೊಡ್ಡವ್ವನ ಕಡೆ ನೋಡಿ ತಲೆಬಾಗಿಸಿದರು. ದುರ್ಬೀನಿನ ಭಾರದಿಂದಲ್ಲ.

ಕವಳಿ ಕಂಟಿ ಹತ್ತಿರ ಬಂದಾಗ ನಾನು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದೆ. 'ಕಟ್' ಎಂಬ ಸಪ್ಪಳ ನನಗೊಬ್ಬನಿಗೇ ಕೇಳಿತ್ತು. ಮರುಗಳಿಗೆಗೆ ಕೂಗು ಎದ್ದಿತು. ಆರೂ ತಲೆಗಳು ಹಕ್ಕಿಯ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದವು. ಇದಕ್ಕಿಂತ ದೊಡ್ಡ ಶಿಕ್ಷೆ ನಕಲು ಮಾಡುವವನಿಗೆ ಇಲ್ಲ. ಮೇಡಂ, "ಮಾಳಪ್ಪಾ, ಉಗುಳು ನೋಡೋಣ" ಎಂದರು. ದೊಡ್ಡವ್ವ ಬೊಗಸೆ ಒಡ್ಡಿದಳು. ಅಷ್ಟೂ ನೀರು ಅದರಲ್ಲಿ ಬಿದ್ದು ತುಂಬಿ ಅಂಚಿನಿಂದ ಸೋರಿತು. ನಾನು ಬಾಯಿ ತೆರೆದು ನಿಂತಿರುವಾಗಲೇ ಹಕ್ಕಿ ಇನ್ನೊಮ್ಮೆ ಕೂಗಿತು. ಆಮೇಲೆ, ಇವರ ಜಗಳ ಏನೆಂದು ನೋಡಲೋ ಎಂಬಂತೆ, ಕಂಟಿಯಿಂದ ಹೊರಗೆ ಬಂದು ಬಂಡೆ ಹತ್ತಿ ಎಲ್ಲರಿಗೂ ಮೈ ತೋರಿಸಿತು.

ಮೇಡಂ ಬರೆದರು. ಆ ಸಾಲಿನ ಮೇಲೆ ಈವರೆಗೆ ಯಾರೂ ಗೆರೆ ಎಳೆದಿಲ್ಲ.

ಬುಡಕ್ಕೆ ಇಳಿದಾಗ ಹತ್ತು ಹನ್ನೆರಡು ಜನ ಸೇರಿದ್ದರು. ದೊಡ್ಡವ್ವನ ಮಕ್ಕಳಿಬ್ಬರೂ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದರು. ಎಲ್ಲರ ಮುಂದೆ ಮೇಡಂ ಪುಸ್ತಕ ಮುಚ್ಚಿ, ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದರು: "ಸಾಬಮ್ಮ ಅವರೇ, ನಿಮ್ಮನ್ನೇ ಇಟ್ಕೊಳ್ಳೋದು ಅಂತ ತೀರ್ಮಾನ ಮಾಡಿದೀವಿ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಗುಡ್ಡಕ್ಕೆ ಬಂದುಬಿಡ್ತೀರಲ್ಲ?"

ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಗುಡ್ಡಕ್ಕ ಬರೋರು ನೀವ್ರಿ, ಮೇಡಂ. ನಾ ಇಲ್ಲೇ ಇರಾಕಿ. ನೀವು ತಡಾ ಮಾಡಬ್ಯಾಡ್ರಿ."